ದಿಗ್ನಕ್ಕನ ಸುಳ್ಳು

ನಮ್ಮೂರಲ್ಲಿ ಸಾವು ಎರಡು ಥರ. ದೊಡ್ಡವರು ಸತ್ತರೆ ಅಲಬಾವ್ ಹಾಡುತ್ತೇವೆ. ಡೋಲು ಮುಟ್ಟುವಂತಿಲ್ಲ, ಬರೀ ಗಂಟಲು, ಕೇಳಿದವರ ಕರುಳು ಹಿಂಡುವಂಥ ರಾಗ. ಆಮೇಲೆ ಒಂಬತ್ತು ಸಂಜೆ ಜಪ ಮಾಡಿ, ಸತ್ತವನು ಶುದ್ಧಿಯ ಬೆಂಕಿಯಲ್ಲಿ ಹೆಚ್ಚು ಹೊತ್ತು ಬೇಯದಿರಲಿ ಎಂದು ದೇವರ ಕಾಲು ಹಿಡಿಯುತ್ತೇವೆ. ಚಿಕ್ಕ ಮಕ್ಕಳು ಸತ್ತರೆ ಚಿಗ್ವಾಲೊ. ಅದಕ್ಕೆ ಡೋಲು ಬೇಕು, ಚಪ್ಪಾಳೆ ಬೇಕು, ಆಟದ ಹಾಡು ಬೇಕು. ಮಗುವಿಗೆ ಬಿಳಿ ಬಟ್ಟೆ ತೊಡಿಸಿ, ತಲೆಗೆ ಕಾಗದದ ಕಿರೀಟ ಇಟ್ಟು, ಕೈಯಿಂದ ಕೈಗೆ ದಾಟಿಸುತ್ತ ಕುಣಿಯುತ್ತೇವೆ. ಪಾಪ ಅರಿಯದ ಜೀವ, ನೇರ ಮೇಲೆ ಹೋಗಿ ದೇವದೂತನಾಗುತ್ತದೆ. ಆ ಹೊತ್ತಿನಲ್ಲಿ ತಾಯಿ ಮಾತ್ರ ಅಳಕೂಡದು. ಅತ್ತರೆ ಕಣ್ಣೀರಿಗೆ ರೆಕ್ಕೆ ನೆನೆದು, ಮಗು ಹಾರಲಾರದೆ ನಡುದಾರಿಯಲ್ಲೇ ಕೂತುಬಿಡುತ್ತದೆ.

ಇವೆರಡರ ನಡುವಿನ ಗಡಿ ಏಳು ವರ್ಷ. ಏಳು ತುಂಬಿದರೆ ಬುದ್ಧಿ ಬಂತು, ಬುದ್ಧಿ ಬಂದರೆ ಪಾಪವೂ ಬಂತು ಎಂದು ಲೆಕ್ಕ. ಈ ಗಡಿ ಹಾಕಿದವರು ಯಾರೋ, ಅವರಿಗೆ ಮಕ್ಕಳಿರಲಿಲ್ಲ ಎಂದು ಕಾಣುತ್ತದೆ. ಪಕ್ಕದ ಮನೆಯ ನಿಕಾಸಿಯಾಳ ಮಗಳು ಲುಸೀಲಾ ಸತ್ತಾಗ ಅವಳಿಗೆ ಏಳು ತುಂಬಿ ಒಂದು ತಿಂಗಳೂ ಆಗಿರಲಿಲ್ಲ.

ಅವಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತ ಜ್ಞಾನತಾಯಿ ದಿಗ್ನಕ್ಕ. ಊರಿನ ಜಪ ಹೇಳಿಸುವವಳೂ ಅವಳೇ. ಪಾದ್ರಿಗಳು ನಮ್ಮ ಹೊಳೆಗೆ ಬರುವುದು ವರ್ಷಕ್ಕೊಂದು ಸಲ, ಸಂತನ ಹಬ್ಬಕ್ಕೆ. ಮಿಕ್ಕ ದಿನಗಳಲ್ಲಿ ನಮ್ಮ ಪಾಲಿಗೆ ಪಾದ್ರಿ, ಪೊಲೀಸು, ನ್ಯಾಯಾಧೀಶ ಎಲ್ಲ ದಿಗ್ನಕ್ಕನೇ. ಅವಳಿಗಿದ್ದಷ್ಟು ದೈವಭಯ ನಾನು ಬೇರೆ ಯಾರಲ್ಲೂ ಕಂಡಿಲ್ಲ. ಸಮುದ್ರಕ್ಕೆ ಬೆನ್ನು ತಿರುಗಿಸಬಾರದು, ದೇವರಿಗೂ ತಿರುಗಿಸಬಾರದು ಎನ್ನುವಳು. ಸುಳ್ಳಂತೂ ಅವಳ ಬಾಯಲ್ಲಿ ಹೊರಳುತ್ತಲೇ ಇರಲಿಲ್ಲ. ಒಮ್ಮೆ ತನ್ನ ಕೋಳಿ ಮಾರಲು ಹೋದವಳು, ಕೊಳ್ಳುವವನು ಕೇಳುವ ಮೊದಲೇ, "ಇದು ಮೊಟ್ಟೆ ಇಡೋದು ಬಿಟ್ಟಿದೆ, ಮಾಂಸಾನೂ ಬೇಯಲ್ಲ" ಎಂದು ಹೇಳಿ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸು ಬಂದಿದ್ದಳು. ನಾವೆಲ್ಲ ನಕ್ಕೆವು. ಆದರೆ ಊರಲ್ಲಿ ಜಗಳವಾದಾಗ ನಿಜ ಯಾವುದೆಂದು ತಿಳಿಯಲು ಎಲ್ಲರೂ ಅವಳ ಬಾಗಿಲಿಗೇ ಹೋಗುತ್ತಿದ್ದೆವು.

ಲುಸೀಲಾಗೆ ಏಳು ತುಂಬಿದ ದಿನ ದಿಗ್ನಕ್ಕ ಅವಳನ್ನು ಮೀಯಿಸಿ, ಹೊಸ ಲಂಗ ತೊಡಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದಳು: "ನೋಡು ಕೂಸೇ, ಇಲ್ಲೀವರ್ಗೂ ದೇವರು ನಿನ್ನ ನೋಡಿ ನಗ್ತಿದ್ದ. ಇನ್ಮೇಲೆ ನಗಲ್ಲ, ನೋಡ್ತಾನೆ."

"ಯಾವಾಗ್ಲೂ ನೋಡ್ತಾನಾ?"

"ಯಾವಾಗ್ಲೂ."

"ಕಕ್ಕಸಿಗೆ ಹೋದಾಗ್ಲೂ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ದಿಗ್ನಕ್ಕ ನನ್ನತ್ತ ಕಣ್ಣು ಬಿಟ್ಟಳು. "ನಗು ರುಪೆರ್ತಾ, ನಗು. ನಿನ್ನೂ ನೋಡ್ತಿದ್ದಾನೆ" ಎಂದಳು.

ಹುಡುಗಿಗೆ ಆ ಮಾತು ನಾಟಿಬಿಟ್ಟಿತು. ನಾಲ್ಕಾರು ದಿನ ಕಳೆದಿರಬೇಕು, ದಿಗ್ನಕ್ಕನ ಮನೆಯಲ್ಲಿ ಸಂತ ಅಂತೋಣಿಯ ಮುಂದೆ ಇಟ್ಟಿದ್ದ ಕೊಬ್ಬರಿ ಮಿಠಾಯಿ ಮಾಯವಾಯಿತು. ಲುಸೀಲಾಳ ತುಟಿಯ ಮೇಲೆ ಕೊಬ್ಬರಿ ಚೂರು ಅಂಟಿತ್ತು. ದಿಗ್ನಕ್ಕ ಹೊಡೆಯಲಿಲ್ಲ, ಬೈಯಲೂ ಇಲ್ಲ. ಸಂತನ ಮುಂದೆ ಮಂಡಿಯೂರಿಸಿ ಕ್ಷಮಾಪಣೆಯ ಜಪ ಹೇಳಿಸಿದಳು, ಅಷ್ಟೆ. ಮರುದಿನದಿಂದ ಹುಡುಗಿ ಆಟಕ್ಕೆ ಹೊರಟರೆ ತಲೆಯ ಮೇಲೆ ಬಾಳೆ ಎಲೆ ಹೊತ್ತುಕೊಂಡು ಹೊರಡುತ್ತಿದ್ದಳು. ಮಳೆಯಿಲ್ಲ, ಬಿಸಿಲೂ ಇಲ್ಲ. "ಏನೇ ಇದು?" ಎಂದು ಕೇಳಿದರೆ, "ಅವನಿಗೆ ಕಾಣ್ಬಾರ್ದಲ್ಲ" ಎಂದು ಪಿಸುಗುಟ್ಟಿದಳು. ಊರೆಲ್ಲ ಈ ಕತೆ ಹೇಳಿಕೊಂಡು ನಕ್ಕಿತು. ದಿಗ್ನಕ್ಕ ನಗಲಿಲ್ಲ. ಮಗುವಿಗೆ ಭಯ ಹುಟ್ಟಿತು, ಇನ್ನು ಒಳ್ಳೆಯ ದಾರಿಯಲ್ಲಿ ನಡೆಯುತ್ತದೆ ಎಂದುಕೊಂಡಳು.

ಆಮೇಲೆ ಜ್ವರ ಬಂತು. ಮೊದಲೆರಡು ದಿನ ನಾವು ಎಲೆ ಕುದಿಸಿ ಕುಡಿಸಿದೆವು, ಕಬ್ಬಿನ ಸಾರಾಯಿಯಲ್ಲಿ ಬೇರು ನೆನೆಸಿ ಮೈಗೆ ತಿಕ್ಕಿದೆವು. ಮೂರನೆಯ ದಿನ ಹುಡುಗಿಯ ಕಣ್ಣು ಮೇಲೆ ಸಿಕ್ಕಿಕೊಳ್ಳತೊಡಗಿತು. ನಿಕಾಸಿಯಾ ಮತ್ತು ಅವಳ ಗಂಡ ಎವಾರಿಸ್ತೊ ಔಷಧಿ ತರಲು ದೋಣಿಯಲ್ಲಿ ಹೊಳೆ ಸಮುದ್ರ ಸೇರುವ ಕಡೆಯ ಪೇಟೆಗೆ ಹೋದರು. ಔಷಧಿ ಸಿಕ್ಕಿತು. ಬರುವಾಗ ಸಮುದ್ರ ಇಳಿದುಬಿಟ್ಟು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ದೋಣಿ ಕೆಸರಲ್ಲಿ ಕೂತಿತು. ನೀರು ಏರುವವರೆಗೆ ಯಾರೇನು ಮಾಡುವುದು? ಸೀಸೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಅಲ್ಲಿ ಕಾಯುತ್ತಿದ್ದಳು. ಇಲ್ಲಿ ಮಗುವಿನ ಪಕ್ಕ ದಿಗ್ನಕ್ಕ ಮತ್ತು ನಾನು ಇಬ್ಬರೇ ಇದ್ದೆವು.

ಬೆಳಗಿನ ಜಾವಕ್ಕೆ ಲುಸೀಲಾಗೆ ತಿಳಿವು ಬಂತು. ಆ ತಿಳಿವು ಬಾರದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ.

"ದೊಡ್ಡವ್ವಾ, ಅವನು ಹೊಡೀತಾನಾ?"

"ಯಾರು ಕೂಸೇ?"

"ದೇವರು. ಮಿಠಾಯಿಗೆ."

ಹೊಡೆಯುವುದಿಲ್ಲ ಎನ್ನು ಎಂದು ನಾನು ದಿಗ್ನಕ್ಕನನ್ನು ಕಣ್ಣಲ್ಲೇ ಬೇಡಿದೆ. ದೇವರು ಏನು ಮಾಡುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವಳು ಹೇಳುವವಳಲ್ಲ.

"ಕ್ಷಮೆ ಕೇಳು, ಮಗಳೇ" ಎಂದಳು.

ಹುಡುಗಿ ಕೇಳಿದಳು. ಕೇಳಿದಳು, ಮತ್ತೆ ಕೇಳಿದಳು. ಜಪದ ಮಾತುಗಳು ತಪ್ಪಿದವು, ಮೊದಲಿಂದ ಶುರು ಮಾಡಿದಳು, ಮತ್ತೆ ತಪ್ಪಿದವು. ಕೊನೆಗೆ ಜಪ ಬಿಟ್ಟು ದಿಗ್ನಕ್ಕನ ಲಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನನ್ನ ಅಲ್ಲಿಗೆ ಕಳಿಸ್ಬೇಡ ದೊಡ್ಡವ್ವಾ, ನನ್ನ ಕಳಿಸ್ಬೇಡ" ಎಂದಳು. ಅದನ್ನೇ ಹೇಳುತ್ತ ಹೋದಳು. ಉಸಿರು ನಿಂತ ಮೇಲೆ, ಲಂಗ ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು. ದಿಗ್ನಕ್ಕ ಕಲ್ಲಾಗಿ ಕೂತಿದ್ದಳು.

ಬಿಸಿಲೇರಿದ ಮೇಲೆ ದೋಣಿ ಬಂತು. ನಿಕಾಸಿಯಾ ಮೆಟ್ಟಿಲು ಹತ್ತಿ ಬಂದು, ಮಗಳನ್ನು ನೋಡಿ, ಗೋಡೆಗೆ ಒರಗಿ ಕೂತಳು. ಸೀಸೆ ಇನ್ನೂ ಕೈಯಲ್ಲೇ ಇತ್ತು. ಅಳಲಿಲ್ಲ. ಅಳಬಹುದೋ ಬಾರದೋ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ನಮ್ಮಲ್ಲಿನ ಸೆಕೆಗೆ ಹೆಣ ಇಟ್ಟುಕೊಳ್ಳಲಾಗದು, ಸಂಜೆಯೊಳಗೆ ಮಣ್ಣಾಗಬೇಕು. ಎವಾರಿಸ್ತೊ ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ಪೆಟ್ಟಿಗೆಗೆ ಹಲಗೆ ಕೊಯ್ಯುತ್ತಿದ್ದ. ಊರವರು ಬಂದು ತುಂಬಿದರು, ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು: ಚಿಗ್ವಾಲೊನೋ, ಅಲಬಾವೋ?

ಹಲ್ಲಿಲ್ಲದ ಸತೂರಿಯೊ ತಾತ ಶುರು ಮಾಡಿದ. "ಏಳು ಅಂದ್ರೆ ಏಳು. ಬೇಕಾದಂಗೆ ಎಳೆಯೋಕೆ ಅದೇನು ರಬ್ಬರಾ?"

"ಮುಂದಿನ ಹಲ್ಲೆರಡು ಬಿದ್ದಿದ್ವು, ಇನ್ನೂ ಹುಟ್ಟಿರ್ಲಿಲ್ಲ ತಾತ" ಎಂದ ಡೋಲಿನ ಕ್ಲೀಮಾಕೊ. "ಹಲ್ಲೇ ಹುಟ್ಟದೋಳಿಗೆ ಪಾಪ ಎಲ್ಲಿಂದ ಹುಟ್ಟುತ್ತೆ?"

"ಪಾಪ ಹಲ್ಲಲ್ಲಿ ಮಾಡ್ತಾರೇನೋ, ಮುಟ್ಠಾಳ?"

"ನಿನ್ನ ನೋಡಿದ್ರೆ ಹಂಗೇ ಕಾಣುತ್ತೆ. ಹಲ್ಲು ಹೋದ ಮೇಲೇ ತಾನೇ ನೀನು ಸುಮ್ಮನಾಗಿದ್ದು?"

ನಾಲ್ಕು ಜನ ನಕ್ಕರು, ನಕ್ಕು ಬಾಯಿ ಮುಚ್ಚಿಕೊಂಡರು. ತಾತ ಬಿಡಲಿಲ್ಲ. ದನಿ ತಗ್ಗಿಸಿ, "ನಗೋ ಮಾತಲ್ಲಪ್ಪ ಇದು" ಎಂದ. "ಚಿಗ್ವಾಲೊ ಮಾಡಿದ್ರೆ ಒಂಬತ್ತು ಸಂಜೆ ಜಪ ಇಲ್ಲ. ನಾವು ಕುಣಿದು, ಮೀನುಸಾರು ಉಂಡು ಮನೆಗೆ ಹೋಗ್ತೀವಿ. ಅದಕ್ಕೆ ಪಾಪ ಅಂಟಿದ್ರೆ? ಕೂಸೊಂದೇ ಅಲ್ಲಿ ಬೇಯ್ತಿರುತ್ತೆ, ನೀರು ಕೊಡೋರು ಇರಲ್ಲ."

ತಾತ ಕೆಟ್ಟವನಲ್ಲ. ಅವನ ಕಣ್ಣಲ್ಲಿ ನೀರಿತ್ತು. ಎಲ್ಲರೂ ದಿಗ್ನಕ್ಕನ ಕಡೆ ತಿರುಗಿದರು. ಅವಳು ಮಗುವನ್ನು ಒರೆಸುತ್ತ, ಬಗ್ಗಿಸಿದ ತಲೆ ಎತ್ತದೆ ಕೂತಿದ್ದಳು. ಮಿಠಾಯಿಯ ವಿಷಯ ಊರಿಗೆಲ್ಲ ಗೊತ್ತಿತ್ತು. ಅದು ಪಾಪವೋ ಅಲ್ಲವೋ ಎಂದು ಅವಳೇ ಹೇಳಬೇಕು.

ಆಗ ನಿಕಾಸಿಯಾ ಮಾತಾಡಿದಳು.

"ಏನಾದ್ರೂ ಹಾಡ್ಕೊಳಿ, ನನಗದು ಬೇಕಾಗಿಲ್ಲ. ದಿಗ್ನಕ್ಕಾ, ಇಲ್ಲಿ ನೋಡು. ನೀನು ಸುಳ್ಳು ಹೇಳೋಳಲ್ಲ. ನನ್ನ ಮಗಳು ಹೆದರ್ಕೊಂಡು ಹೋದ್ಲಾ?"

ಕೆಳಗೆ ಗರಗಸದ ಸದ್ದು ನಿಂತಿತು.

"ಎಲೆ ಹೊತ್ಕೊಂಡು ತಿರುಗ್ತಿದ್ಲು. ನೀವೆಲ್ಲ ನಗ್ತಿದ್ರಿ, ನಾನೂ ನಕ್ಕೆ. ಜ್ವರದಲ್ಲೂ ಕನವರಿಸ್ತಿದ್ಲು. ಕೊನೇಗೆ ಏನಂದ್ಲು? ಹೆದರ್ಲಿಲ್ಲ ಅಂತ ನೀನು ಹೇಳಿದ್ರೆ ನಾನು ಅಳಲ್ಲ. ಬೇಕಾದ್ರೆ ಎದ್ದು ಚಪ್ಪಾಳೆ ಹಾಕ್ತೀನಿ. ಹೆದರ್ಕೊಂಡು ಹೋಗಿದ್ರೆ ಅದನ್ನೇ ಹೇಳ್ಬಿಡು. ನಾನೂ ಅವಳ ಹಿಂದೇನೇ ಹೋಗ್ತೀನಿ. ಒಂಟಿ ಬಿಡಲ್ಲ ಅವಳನ್ನ. ಹೊಳೆ ಇಲ್ಲೇ ಇದೆ."

ಅದು ಬೆದರಿಕೆಯ ಮಾತಲ್ಲ. ನಿಕಾಸಿಯಾಳನ್ನು ನಾನು ಹುಟ್ಟಿನಿಂದ ಬಲ್ಲೆ, ಅವಳು ಹೇಳಿದ್ದನ್ನು ಮಾಡುವ ಹೆಂಗಸು. ದಿಗ್ನಕ್ಕ ನನ್ನ ಮುಖ ನೋಡಿದಳು. ಏಕೆ ನೋಡಿದಳೋ, ನಾನು ಬಾಯಿಬಿಡಬಹುದು ಎಂದೋ, ಬಿಡಲಿ ಎಂದೋ. ಆಮೇಲೆ ತನ್ನ ಲಂಗವನ್ನು ನೋಡಿಕೊಂಡಳು. ಮಗು ಹಿಡಿದ ಕಡೆ ಬಟ್ಟೆ ಇನ್ನೂ ಮುದುರಿತ್ತು. ಅಲ್ಲಿ ಕೈಯಿಟ್ಟು ಮುಚ್ಚಿದಳು.

"ಹೆದರ್ಲಿಲ್ಲ" ಎಂದಳು.

"ನಿಜ ಹೇಳು."

"ಹೆದರ್ಲಿಲ್ಲ, ನಿಕಾಸಿಯಾ. ಬೆಳಗಿನ ಜಾವಕ್ಕೆ ಕಣ್ಣು ಬಿಟ್ಲು. 'ದೊಡ್ಡವ್ವಾ, ಅವನು ನಗ್ತಿದ್ದಾನೆ' ಅಂದ್ಲು. 'ಅಮ್ಮ ಬಂದ್ರೆ ಹೇಳು, ನಾನು ಮುಂದೆ ಹೋಗಿರ್ತೀನಿ' ಅಂದ್ಲು. ಹಂಗೇ ನಗ್ತಾ ಹೋದ್ಲು. ದೇವರಾಣೆ."

ದೇವರಾಣೆ ಎಂದಳು! ಬೇರೆ ಯಾರಾದರೂ ಆಣೆ ಇಟ್ಟರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ ದಿಗ್ನಕ್ಕ, ಸತ್ತ ಮಗುವಿನ ತಲೆಯ ಬಳಿ ಕೂತು, ದೇವರ ಹೆಸರು ಹಿಡಿದು ಸುಳ್ಳು ಹೇಳಿದಳು. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಸಿಡಿಲು ಬಡಿಯುತ್ತದೆಂದು ಕಾಯುವವಳ ಹಾಗೆ ಕತ್ತು ಕುಗ್ಗಿಸಿ ಕೂತಿದ್ದಳು.

"ರುಪೆರ್ತಾ ಅಲ್ಲೇ ಇದ್ಲಲ್ಲ" ಎಂದು ನಿಕಾಸಿಯಾ ನನ್ನತ್ತ ತಿರುಗಿದಳು.

"ಇದ್ದೆ. ಹಂಗೇ ಅಂದ್ಲು" ಎಂದೆ ನಾನು. ನನಗೆ ಅದೇನೂ ಕಷ್ಟವಾಗಲಿಲ್ಲ. ನಾನು ಸಂತೆಯಲ್ಲಿ ಮೀನು ಮಾರುವವಳು, ಹಳಸಿದ್ದನ್ನು ತಾಜಾ ಎಂದು ದಿನವೂ ಹೇಳುತ್ತೇನೆ. ನನ್ನ ಸುಳ್ಳಿಗೆ ಬೆಲೆಯಿಲ್ಲ, ಅದನ್ನು ಯಾರೂ ನಂಬುವುದೂ ಇಲ್ಲ. ನಿಕಾಸಿಯಾ ನಂಬಿದ್ದು ದಿಗ್ನಕ್ಕನನ್ನು.

ದಿಗ್ನಕ್ಕ ಎದ್ದಳು. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ಯಾಕೋ ಕ್ಲೀಮಾಕೊ, ಡೋಲಿಗೇನು ನಿದ್ದೆ ಬಂತಾ?" ಎಂದು ಗದರಿದಳು.

ಚಿಗ್ವಾಲೊ ಮಾಡಿದೆವು. ಎಷ್ಟೋ ಚಿಗ್ವಾಲೊಗಳಲ್ಲಿ ಹಾಡಿದವಳು ನಾನು, ಅವತ್ತು ಬರೀ ಚಪ್ಪಾಳೆ ತಟ್ಟಿದೆ. ದಿಗ್ನಕ್ಕ ಹಾಡಿದಳು. ಒಡೆದ ದನಿಯಲ್ಲಿ, ಗಿಳಿಯ ಹಾಡು, ದೋಣಿಯ ಹಾಡು, ಕಣ್ಣಾಮುಚ್ಚಾಲೆಯ ಹಾಡು. ಬಿಳಿ ಬಟ್ಟೆಯ ಮಗು ಕೈಯಿಂದ ಕೈಗೆ ಹೋಯಿತು. ತಾಯಿಯ ಕೈಗೆ ಬಂದಾಗ ನಿಕಾಸಿಯಾ ಅದರ ಕಿರೀಟ ಸರಿಪಡಿಸಿ, ಎರಡು ಸುತ್ತು ಕುಣಿದಳು. ಅವಳ ಮುಖದ ಮೇಲೆ ಒಂದು ಹನಿಯೂ ಇರಲಿಲ್ಲ. ಅದನ್ನು ನೋಡಿ ನಾನು ಹಿತ್ತಲಿಗೆ ಹೋಗಿ ಲಂಗದ ಅಂಚು ಬಾಯಿಗೆ ತುರುಕಿಕೊಂಡು ಅತ್ತೆ. ನಾನು ತಾಯಲ್ಲವಲ್ಲ, ನನ್ನ ಕಣ್ಣೀರಿಗೆ ಅಡ್ಡಿಯಿಲ್ಲ.

ನಿಕಾಸಿಯಾ ಬದುಕಿಕೊಂಡಳು. ವಾರ ಕಳೆದ ಮೇಲೆ ಒಲೆ ಹಚ್ಚಿದಳು, ತಿಂಗಳಾದ ಮೇಲೆ ಚಿಪ್ಪು ಹೆಕ್ಕಲು ಕೆಸರಿಗೆ ಇಳಿದಳು. ಮಗಳ ಮಾತು ಬಂದಾಗಲೆಲ್ಲ, "ಮುಂದೆ ಹೋಗಿರ್ತೀನಿ ಅಂದ್ಲಂತೆ ನೋಡಿ, ಎಷ್ಟು ಧೈರ್ಯ ನನ್ನ ಮಗಳಿಗೆ" ಎನ್ನುವಳು. ಸೊರಗಿದ್ದು ದಿಗ್ನಕ್ಕ. ಸಂಜೆಯ ಜಪ ಹೇಳಿಸುತ್ತಿದ್ದಳು, ಆದರೆ ನಡುನಡುವೆ ನಿಂತುಬಿಡುತ್ತಿದ್ದಳು.

ಒಂದು ದಿನ ನಾನೇ ಕೇಳಿದೆ. "ಅಕ್ಕಾ, ಒಂದು ಜೀವ ಉಳಿಸಿದ ಸುಳ್ಳು ಅದು. ಅದಕ್ಕೆ ಹಿಂಗ್ಯಾಕೆ ಕೊರಗ್ತೀಯ?"

"ಸುಳ್ಳಿಗಲ್ಲ ಕಣೇ" ಎಂದಳು. "ಮೇಲಿರೋ ಅಪ್ಪನ ಮನೆಗೆ ಹೊರಟಿತ್ತು ಕೂಸು. ನಾನು ಅದನ್ನ ಪೊಲೀಸು ಠಾಣೆಗೆ ಕಳಿಸೋ ಹಂಗೆ ಕಳಿಸಿದೆ."

ಸಂತನ ಹಬ್ಬ ಬಂತು, ಪಾದ್ರಿಗಳ ಲಾಂಚ್ ಬಂತು. ನಮ್ಮ ದೇವಾಲಯವೆಂದರೆ ಒಂದೇ ಹಲಗೆಯ ಕೋಣೆ. ಮೂಲೆಯಲ್ಲಿ ಕುರ್ಚಿ ಹಾಕಿ, ಅಡ್ಡಲಾಗಿ ಹೊದಿಕೆ ಕಟ್ಟಿದರೆ ಪಾಪನಿವೇದನೆಯ ಜಾಗ. ಎಲ್ಲರಿಗಿಂತ ಮೊದಲು ಹೋಗಿ ಬೇಗ ಮುಗಿಸಿ ಬರುತ್ತಿದ್ದ ದಿಗ್ನಕ್ಕ ಈ ಸಲ ಕೊನೆಯವಳಾಗಿ ಹೋದಳು. ನಾನು ಬೆಂಚು ಒರೆಸುವ ನೆಪದಲ್ಲಿ ಹತ್ತಿರವೇ ಇದ್ದೆ. ಕದ್ದು ಕೇಳುವುದು ತಪ್ಪು, ಹೌದು. ಕೇಳಿದೆ.

ಅವಳು ಎಲ್ಲ ಹೇಳಿದಳು. ಪಾದ್ರಿಗಳು ಮೆತ್ತಗೆ, "ಆಯ್ತಮ್ಮ, ದೇವರು ದೊಡ್ಡವನು. ಆಣೆ ಇಟ್ಟು ಸುಳ್ಳು ಹೇಳಿದ್ದಕ್ಕೆ ಪಶ್ಚಾತ್ತಾಪ ಪಡ್ತೀನಿ ಅಂತ ಹೇಳಿ, ಸಾಕು" ಎಂದರು.

"ಮಗೂನ ಹೆದರಿಸಿದ್ದಕ್ಕೆ ಪಡ್ತೀನಿ ಸ್ವಾಮಿ. ಸಾಯೋವರ್ಗೂ ಪಡ್ತೀನಿ. ಸುಳ್ಳಿಗೆ ಆಗಲ್ಲ."

"ಒಂದು ಮಾತಮ್ಮ. ಮನಸ್ಸಲ್ಲಿ ಸ್ವಲ್ಪ ಇದ್ರೂ ಸಾಕು."

"ಇಲ್ಲ ಸ್ವಾಮಿ. ಅವಳ ತಾಯಿ ನಾಳೆ ಬಂದು ಮತ್ತೆ ಕೇಳಿದ್ರೆ ಮತ್ತೆ ಅದನ್ನೇ ಹೇಳ್ತೀನಿ. ಪಶ್ಚಾತ್ತಾಪ ಪಡ್ತೀನಿ ಅಂದ್ರೆ ಅದು ಇನ್ನೊಂದು ಸುಳ್ಳಾಗುತ್ತೆ. ನಿಮ್ಮ ಮುಂದೆ ಹೇಳಲ್ಲ."

ಪಾದ್ರಿಗಳು ಒಳ್ಳೆಯ ಮನುಷ್ಯ, ಪಾಪ. "ನಿಮಗೆ ಪಶ್ಚಾತ್ತಾಪ ಇಲ್ಲದೆ ಕ್ಷಮೆ ಕೊಡೋಕೆ ನನಗೆ ಅಧಿಕಾರ ಇಲ್ವಲ್ಲಮ್ಮ" ಎಂದರು.

"ಗೊತ್ತು ಸ್ವಾಮಿ. ನಾನೇ ಎಲ್ರಿಗೂ ಹೇಳಿಕೊಟ್ಟಿದ್ದು."

ಮರುದಿನದ ಪೂಜೆಯಲ್ಲಿ ಪರಮಪ್ರಸಾದಕ್ಕೆ ಊರೇ ಎದ್ದು ಸಾಲು ನಿಂತಿತು. ಕ್ಷಮೆ ಸಿಗದವರು ಅದನ್ನು ಮುಟ್ಟುವಂತಿಲ್ಲ. ನಲವತ್ತು ವರ್ಷ ಎಲ್ಲರ ಮುಂದೆ ನಿಂತವಳು ಹಿಂದಿನ ಬೆಂಚಲ್ಲಿ ಕೂತೇ ಇದ್ದಳು. ಜನ ತಿರುಗಿ ತಿರುಗಿ ನೋಡಿದರು. ನಾನು ಸಾಲು ಬಿಟ್ಟು ಬಂದು ಅವಳ ಪಕ್ಕ ಕೂತೆ.

"ಭಯ ಆಗಲ್ವಾ ಅಕ್ಕಾ?" ಎಂದು ಪಿಸುಗುಟ್ಟಿದೆ.

"ಆಗುತ್ತೆ. ಮಂಡಿ ನೋಡು, ಹೆಂಗೆ ನಡುಗ್ತಿದೆ." ಮಂಡಿಯ ಮೇಲೆ ಕೈಯೂರಿ ಹೇಳಿದಳು: "ಆ ಕೂಸು ನಡುಗ್ತಾ ಅವನ ಬಾಗಿಲಿಗೆ ಹೋಯ್ತಲ್ಲ. ಅವನು ಎತ್ಕೊಂಡಿರ್ತಾನೆ. ಅದನ್ನ ಎತ್ಕೊಂಡಿದ್ರೆ ನನ್ನನ್ನೂ ಎತ್ಕೋತಾನೆ ಅಂತ ಕೂತಿದ್ದೀನಿ. ಎತ್ಕೊಂಡಿಲ್ಲ ಅಂದ್ರೆ ಅವನ ಪ್ರಸಾದ ನನಗ್ಯಾಕೆ?"

ಅಷ್ಟರಲ್ಲಿ ನಿಕಾಸಿಯಾ ಪ್ರಸಾದ ತೆಗೆದುಕೊಂಡು ಕೈಮುಗಿದುಕೊಂಡು ಬಂದಳು. ನಮ್ಮ ಬೆಂಚಿನ ಬಳಿ ನಿಂತಳು.

"ಯಾಕಕ್ಕಾ, ಎದ್ದಿಲ್ಲ?"

"ನನಗೂ ಅವನಿಗೂ ಒಂದು ಮಾತು ಬಾಕಿ ಇದೆ. ನೀನು ಹೋಗು ಮಗಳೇ."

ನಿಕಾಸಿಯಾ ಹೋಗಲಿಲ್ಲ. ಬಗ್ಗಿ ದಿಗ್ನಕ್ಕನ ತಲೆ ನೇವರಿಸಿದಳು. "ನೀನ್ಯಾಕೆ ಯೋಚನೆ ಮಾಡ್ತೀಯ? ಲುಸೀಲಾ ಅಲ್ಲೇ ಇದ್ದಾಳಲ್ಲ. ದೊಡ್ಡವ್ವನ ಪರವಾಗಿ ಮಾತಾಡೇ ಅಂತ ಇವತ್ತೇ ಹೇಳ್ತೀನಿ. ಅವಳು ಅವನಿಗೆ ಹೆದರೋಳಲ್ಲ, ನೇರ ಹೋಗಿ ಕೇಳ್ತಾಳೆ."

ದಿಗ್ನಕ್ಕ ಅವಳ ಕೈ ಹಿಡಿದುಕೊಂಡಳು. ಆ ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಿಕಾಸಿಯಾ ಅವಳ ಬೆನ್ನು ಸವರುತ್ತ, ಅಳಬೇಡಕ್ಕ, ಅಳಬೇಡ ಎಂದು ಸಮಾಧಾನ ಮಾಡುತ್ತಿದ್ದಳು.